ಕಾಡೇ ಒರೆಗಲ್ಲು

ಅಮೆರಿಕದ ಆಗ್ನೇಯ ಭಾಗದ ಮರಳುನೆಲದಲ್ಲಿ ಬಾಳುವ ಇಂಡಿಗೋ ಹಾವಿಗೆ ಅದರ ಚೆಲುವೂ ಸಾಧುತನವೂ ಮುಳುವಾದವು. ಮೈತುಂಬ ನೀಲಿ ಮಿಂಚುವ ಕಪ್ಪು, ಗದ್ದದ ಕೆಳಗೆ ಕೆಂಪು ಕಾವಿಯ ಛಾಯೆ, 8 ಅಡಿಯನ್ನೂ ಮೀರಿ ಬೆಳೆಯುವ ಉದ್ದ. ಆ ದೇಶದ ಮೂಲನಿವಾಸಿ ಹಾವುಗಳಲ್ಲಿ ಇದರಷ್ಟು ನೀಳವಾದದ್ದು ಇನ್ನೊಂದಿಲ್ಲ. ಇದಕ್ಕೆ ವಿಷವಿಲ್ಲ. ಬೇಟೆಯನ್ನು ಸುತ್ತಿ ಹಿಸುಕುವ ಅಭ್ಯಾಸವೂ ಇಲ್ಲ. ದವಡೆಯ ಬಲದಿಂದಲೇ ಅದುಮಿ ನುಂಗುತ್ತದೆ. ಕಪ್ಪೆ, ಇಲಿ, ಹಕ್ಕಿ, ಎಳೆಯ ಆಮೆ, ಬೇರೆ ಹಾವು, ಎಲ್ಲವೂ ಇದರ ಆಹಾರ. ರ‍್ಯಾಟಲ್‌ಸ್ನೇಕ್‌ನಂಥ ವಿಷದ ಹಾವನ್ನು ಕೂಡ ಬಿಡುವುದಿಲ್ಲ. ಇಷ್ಟು ಗಟ್ಟಿ ಬೇಟೆಗಾರನಾದರೂ, ಮನುಷ್ಯ ಕೈಯಲ್ಲಿ ಎತ್ತಿಕೊಂಡರೆ ಈ ಹಾವು ಕಚ್ಚುವುದು ಅಪರೂಪ. ಹೀಗಾಗಿ ಮೇಳಗಳಲ್ಲಿ ಹಾವಾಡಿಸುವವರಿಗೂ ಮನೆಯಲ್ಲಿ ಹಾವು ಸಾಕುವವರಿಗೂ ಇದು ದಶಕಗಳ ಕಾಲ ಅಚ್ಚುಮೆಚ್ಚಾಗಿತ್ತು. ಇಂದು ಇದನ್ನು ಗೂಡಿನಲ್ಲಿಟ್ಟು ಮರಿ ಮಾಡಿಸುವ ಕೆಲಸ ಅಲ್ಲಿ ಎರಡು ದಾರಿಗಳಲ್ಲಿ ನಡೆಯುತ್ತಿದೆ. ಒಂದು ದಾರಿ ಸಾಕುವವನ ಕೋಣೆಯಲ್ಲಿ ಕೊನೆಯಾಗುತ್ತದೆ, ಇನ್ನೊಂದು ಕಾಡಿಗೆ ಹೋಗುತ್ತದೆ. ಎರಡಕ್ಕೂ ಬೇಕಾದ ಕೌಶಲ ಬಹುಮಟ್ಟಿಗೆ ಒಂದೇ, ಪ್ರೀತಿಯೂ ಒಂದೇ ಇದ್ದೀತು. ಆದರೆ ಎರಡನ್ನೂ 'ಸಂರಕ್ಷಣೆ' ಎಂದು ಕರೆಯುವುದು ಸರಿಯಲ್ಲ. ಗೂಡಿನಲ್ಲಿ ಹುಟ್ಟಿದ ಹಾವಿನಿಂದ ಆ ಕುಲಕ್ಕೆ ಏನು ದಕ್ಕಿತು ಎಂಬುದನ್ನು ಗೂಡಿನ ಹೊರಗೆ ನಿಂತೇ ಅಳೆಯಬೇಕು ಎಂಬುದು ನನ್ನ ನಂಬಿಕೆ. ಅದಕ್ಕೆ ಕಾರಣಗಳನ್ನು ಇಂಡಿಗೋ ಹಾವಿನ ಚರಿತ್ರೆಯೇ ಒದಗಿಸುತ್ತದೆ.

ಈ ಹಾವು ಕಡಿಮೆಯಾದದ್ದು ಹೇಗೆಂದು ಮೊದಲು ನೋಡಬೇಕು, ಏಕೆಂದರೆ ಕಾಯಿಲೆ ಯಾವುದೆಂದು ತಿಳಿಯದೆ ಮದ್ದಿನ ಬಗ್ಗೆ ವಾದಿಸಿ ಫಲವಿಲ್ಲ. ಅದರ ನೆಲೆ ಲಾಂಗ್‌ಲೀಫ್ ಪೈನ್ ಎಂಬ ಉದ್ದೆಲೆಯ ಪೈನ್ ಮರಗಳ ಕಾಡು. ಮರಗಳು ದೂರ ದೂರ ನಿಂತು, ನಡುವೆ ಬಿಸಿಲು ನೆಲಕ್ಕಿಳಿದು, ಕೆಳಗೆ ಹುಲ್ಲು ಹರಡಿಕೊಂಡ ಬಯಲುಗಾಡು ಅದು. ಕೆಲವು ವರ್ಷಗಳಿಗೊಮ್ಮೆ ಬೆಂಕಿ ಬಿದ್ದು ಪೊದೆಗಳನ್ನು ಸುಟ್ಟರೆ ಮಾತ್ರ ಆ ಕಾಡು ಹಾಗೆ ಉಳಿಯುತ್ತದೆ. ಒಂದು ಕಾಲಕ್ಕೆ ಸುಮಾರು 9 ಕೋಟಿ ಎಕರೆಯಲ್ಲಿ ಹಬ್ಬಿದ್ದದ್ದು ಮರಕ್ಕಾಗಿ, ಹೊಲಕ್ಕಾಗಿ, ಊರಿಗಾಗಿ ಕಡಿದು ಕಡಿದು 30 ಲಕ್ಷ ಎಕರೆಯ ಆಸುಪಾಸಿಗೆ ಇಳಿಯಿತು. ಅದೇ ಮರಳುನೆಲದಲ್ಲಿ ಗೋಫರ್ ಆಮೆ ಬಿಲ ತೋಡುತ್ತದೆ. ಹತ್ತು ಹದಿನೈದು ಅಡಿ ಉದ್ದಕ್ಕೆ ಓರೆಯಾಗಿ ಇಳಿಯುವ ಆ ಬಿಲದೊಳಗೆ ಚಳಿಯೂ ಹಿತಮಿತ, ಬೇಸಗೆಯ ಉರಿಯೂ ಹಿತಮಿತ. ಮುನ್ನೂರಕ್ಕೂ ಹೆಚ್ಚು ಬಗೆಯ ಜೀವಿಗಳು ಒಂದಲ್ಲ ಒಂದು ಹೊತ್ತಿನಲ್ಲಿ ಅದರ ಆಸರೆ ಪಡೆಯುತ್ತವೆ. ತಮ್ಮ ವ್ಯಾಪ್ತಿಯ ಉತ್ತರ ಅಂಚಿನಲ್ಲಿರುವ ಇಂಡಿಗೋ ಹಾವುಗಳಿಗಂತೂ ಚಳಿಗಾಲ ಕಳೆಯಲು ಆ ಬಿಲವೇ ಗತಿ. ಆಮೆ ಕಡಿಮೆಯಾದಂತೆ ಬಿಲ ಕಡಿಮೆಯಾಯಿತು. ರ‍್ಯಾಟಲ್‌ಸ್ನೇಕ್ ಹಿಡಿಯುವ ವಾರ್ಷಿಕ ಜಾತ್ರೆಗಳಿಗಾಗಿ ಬಿಲಗಳೊಳಗೆ ಪೆಟ್ರೋಲ್ ಸುರಿದು ಹಾವು ಹೊರಡಿಸುವ ಪದ್ಧತಿ ಇತ್ತು. ಅದರ ಆವಿ ಒಳಗಿದ್ದ ಇಂಡಿಗೋವನ್ನೂ ಬಿಡಲಿಲ್ಲ. ಇದರ ಮೇಲೆ ಸಾಕುಪ್ರಾಣಿ ವ್ಯಾಪಾರಕ್ಕಾಗಿ ಕಾಡಿನಿಂದ ಹಿಡಿದು ಮಾರುವವರ ಕೈ. ಕಡೆಗೆ 1978ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಇದನ್ನು ಅಪಾಯದಂಚಿನ ಜೀವಿಗಳ ಪಟ್ಟಿಗೆ ಸೇರಿಸಿತು. ಈ ಕಾರಣಗಳಲ್ಲಿ ಒಂದು ಮಾತ್ರ ಮರಿಗಳ ಪೂರೈಕೆಗೆ ಸಂಬಂಧಿಸಿದ್ದು. ಉಳಿದವೆಲ್ಲ ಕಾಡು, ಬೆಂಕಿ, ಆಮೆ, ಬಿಲಗಳ ಮಾತು. ಗೂಡಿನಲ್ಲಿ ಎಷ್ಟು ಮೊಟ್ಟೆ ಒಡೆದರೂ ಅವುಗಳಲ್ಲಿ ಒಂದೂ ತಾನಾಗಿ ಸರಿಹೋಗುವುದಿಲ್ಲ.

ಹಾಗೆಂದು ಗೂಡಿನ ಕೆಲಸವನ್ನು ಹಗುರವಾಗಿ ಕಾಣುವಂತಿಲ್ಲ. ಇಂಡಿಗೋ ಹಾವು ಸಾಕಲು ಸುಲಭವಾದ ಪ್ರಾಣಿಯಲ್ಲ. ಹಗಲಲ್ಲಿ ಓಡಾಡುವ, ಸದಾ ಚಟುವಟಿಕೆಯಲ್ಲಿರುವ ಹಾವು ಇದು. ಹೆಬ್ಬಾವಿನಂತೆ ಒಮ್ಮೆ ತಿಂದು ವಾರಗಟ್ಟಲೆ ಸುರುಳಿ ಸುತ್ತಿ ಮಲಗುವ ಜಾತಿಯಲ್ಲ. ಬೇಗ ಹಸಿಯುತ್ತದೆ, ಬೇಗ ಅರಗಿಸುತ್ತದೆ, ಅಷ್ಟೇ ಬೇಗ ಗೂಡನ್ನು ಹೊಲಸು ಮಾಡುತ್ತದೆ. ಸಣ್ಣ ಪೆಟ್ಟಿಗೆ ಇದಕ್ಕೆ ಸಾಲದು. ಬಹಳ ಹಾವುಗಳಿಗೆ ಬೇಕಾದಷ್ಟು ಶಾಖ ಇದಕ್ಕೆ ಬೇಡ. ಗೂಡು ಕಾದರೆ ಸೊರಗುತ್ತದೆ. ಬೇರೆ ಅನೇಕ ಹಾವುಗಳು ಚಳಿಗಾಲದಲ್ಲಿ ಜಡವಾಗಿ ಬಿದ್ದಿರುವಾಗ ಇದಕ್ಕೆ ಬೆದೆ ಬರುತ್ತದೆ. ನವೆಂಬರಿನಿಂದ ಫೆಬ್ರವರಿಯವರೆಗೆ ಕೂಡುವ ಕಾಲ. ಮೇ, ಜೂನ್ ಹೊತ್ತಿಗೆ ಮೊಟ್ಟೆ. ಮೂರು ತಿಂಗಳ ಕಾವು. ಆಗಸ್ಟ್ ಸೆಪ್ಟೆಂಬರಿನಲ್ಲಿ ಮರಿ. ಸಾಮಾನ್ಯವಾಗಿ 4ರಿಂದ 12 ಮೊಟ್ಟೆ, ಅದೂ ವರ್ಷಕ್ಕೆ ಒಂದೇ ಸಲ. ಹಾವನ್ನೇ ತಿನ್ನುವ ಹಾವಾದ್ದರಿಂದ ಗಂಡು ಹೆಣ್ಣನ್ನು ಒಟ್ಟಿಗೆ ಬಿಟ್ಟು ನೆಮ್ಮದಿಯಾಗಿರಲು ಆಗದು. ಕೂಡಿಸಿದಾಗ ಕಣ್ಣಿಟ್ಟು ಕಾಯಬೇಕು, ಕಚ್ಚಾಟ ಕಂಡರೆ ಬೇರ್ಪಡಿಸಬೇಕು. ಮೊಟ್ಟೆಯೊಡೆದ ಮರಿಗಳಲ್ಲಿ ಕೆಲವು ಇಲಿಮರಿಯನ್ನು ಮೂಸಿಯೂ ನೋಡುವುದಿಲ್ಲ. ಮೀನಿನ ವಾಸನೆ ತೋರಿಸಿ, ಆಹಾರ ಬದಲಿಸಿ ದಾರಿಗೆ ತರಬೇಕು. ಈ ತಿಳಿವಳಿಕೆಯಲ್ಲಿ ಒಳ್ಳೆಯ ಪಾಲು ಹವ್ಯಾಸಿಗಳ ತಾಳ್ಮೆಯಿಂದ ಬಂದದ್ದು. ತಮ್ಮ ಬಿಡುವನ್ನೆಲ್ಲ ಹಾವುಗಳ ಆರೈಕೆಗೆ ಸುರಿದು ಶಾಖ, ತೇವ, ಆಹಾರ, ಋತುಗಳನ್ನು ಬರೆದಿಟ್ಟವರ ಋಣ ವಿಜ್ಞಾನಿಗಳ ಮೇಲೂ ಇದೆ. ಅದನ್ನು ಒಪ್ಪಿಕೊಂಡೇ ನನ್ನ ವಾದ ಮುಂದುವರಿಯಬೇಕು.

ಗೂಡಿನ ಲೆಕ್ಕ ಕಾಡಿನ ಲೆಕ್ಕವಾಗುವುದಿಲ್ಲ ಎಂಬುದಕ್ಕೆ ಅತಿ ದೊಡ್ಡ ಸಾಕ್ಷಿ ಈ ಹಾವಿನದೇ ಮೊದಲ ಪುನರ್ವಸತಿಯ ಪ್ರಯತ್ನ. ಅಲಬಾಮಾದ ಆಬರ್ನ್ ವಿಶ್ವವಿದ್ಯಾಲಯದ ಡ್ಯಾನ್ ಸ್ಪೀಕ್ ಮತ್ತು ಜೊತೆಗಾರರು 1970ರ ದಶಕದ ಕೊನೆಯಿಂದ 80ರ ದಶಕದವರೆಗೆ ಇಂಡಿಗೋ ಹಾವುಗಳನ್ನು ಮರಿ ಮಾಡಿಸಿ ಕಾಡಿಗೆ ಬಿಟ್ಟರು. ಒಂದಲ್ಲ ಎರಡಲ್ಲ, ಐನೂರಕ್ಕೂ ಹೆಚ್ಚು ಹಾವುಗಳು. ಮರಿ ಮಾಡಿಸುವ ಮಟ್ಟಿಗೆ ಅದು ದೊಡ್ಡ ಗೆಲುವು. ಆದರೆ ಆ ಹಾವುಗಳು ಹಲವು ರಾಜ್ಯಗಳ ಹಲವಾರು ಜಾಗಗಳಿಗೆ ಹಂಚಿಹೋದವು. ಒಂದೊಂದು ಜಾಗಕ್ಕೆ ದಕ್ಕಿದ್ದು ಕೆಲವೇ ಕೆಲವು. ಬಿಟ್ಟ ಮೇಲೆ ವರ್ಷಗಟ್ಟಲೆ ಹಿಂಬಾಲಿಸಿ ನೋಡುವ ಏರ್ಪಾಡೂ ಸಾಲದಾಗಿತ್ತು. ತನ್ನಷ್ಟಕ್ಕೆ ಬೆಳೆಯುವ ಸಂತತಿ ನೆಲೆನಿಂತಿದೆ ಎಂದು ತೋರಿಸುವ ಪುರಾವೆ ಆ ಜಾಗಗಳಿಂದ ಸಿಗಲಿಲ್ಲ. ಐನೂರು ಎಂಬ ಸಂಖ್ಯೆ ಗೂಡಿನೊಳಗೆ ಎಷ್ಟು ದೊಡ್ಡದೋ ಕಾಡಿನಲ್ಲಿ ಅಷ್ಟೇ ಚಿಕ್ಕದಾಗಿ ಕರಗಿತು. ಗಂಡು ಇಂಡಿಗೋ ಹಾವೊಂದು ವರ್ಷದಲ್ಲಿ ನೂರಾರು ಎಕರೆ ಸುತ್ತುವ ಪ್ರಾಣಿ ಎಂಬುದನ್ನು ನೆನೆದರೆ ಕಾರಣ ತಿಳಿಯುವುದು ಕಷ್ಟವಲ್ಲ. ಚದುರಿದ ನಾಲ್ಕಾರು ಹಾವುಗಳು ಅಷ್ಟು ದೊಡ್ಡ ನೆಲದಲ್ಲಿ ಒಂದನ್ನೊಂದು ಹುಡುಕಿಕೊಂಡು, ಕೂಡಿ, ಮೊಟ್ಟೆಯಿಟ್ಟು, ಆ ಮರಿಗಳು ಗಿಡುಗ, ರಕೂನ್‌ಗಳ ಕಣ್ಣು ತಪ್ಪಿಸಿ ದೊಡ್ಡವಾಗುವುದು ಬರಿಯ ಅದೃಷ್ಟದ ಮಾತಾಗುತ್ತದೆ. ಸೋತಿತೆಂದು ಆ ಪ್ರಯತ್ನವನ್ನು ಹಳಿಯಬೇಕಾಗಿಲ್ಲ. ಎರಡನೆಯ ಪ್ರಯತ್ನ ಮಾಡಿದವರು ಪಾಠ ಕಲಿತದ್ದು ಅದರಿಂದಲೇ.

ಎರಡನೆಯ ಪ್ರಯತ್ನದಲ್ಲಿ ಮೊದಲು ಕೇಳಿದ ಪ್ರಶ್ನೆ ಹಾವಿನದಲ್ಲ, ನೆಲದ್ದು. ಅಲಬಾಮಾದಲ್ಲಿ ಕಾಡಿನ ಇಂಡಿಗೋ ಹಾವು ಕೊನೆಯ ಸಲ ಖಚಿತವಾಗಿ ದಾಖಲಾದದ್ದು 1950ರ ದಶಕದಲ್ಲಿ. ಆ ರಾಜ್ಯದ ದಕ್ಷಿಣದ ಕೊನೆಕ ರಾಷ್ಟ್ರೀಯ ಅರಣ್ಯದಲ್ಲಿ ಲಾಂಗ್‌ಲೀಫ್ ಪೈನ್ ಇತ್ತು, ಕ್ರಮವಾಗಿ ಬೆಂಕಿಯಿಟ್ಟು ಕಾಡನ್ನು ತೆರವಾಗಿಡುವ ನಿರ್ವಹಣೆ ಇತ್ತು, ಗೋಫರ್ ಆಮೆಗಳೂ ಇದ್ದವು. ಜಾರ್ಜಿಯಾದ ಕಾಡಿನಿಂದ ಬಸುರಿ ಹಾವುಗಳನ್ನು ತಂದು, ಆಬರ್ನ್‌ನಲ್ಲಿ ಮೊಟ್ಟೆಯಿಡಿಸಿ, ತಾಯಂದಿರನ್ನು ಅವು ಸಿಕ್ಕಿದ ಜಾಗಕ್ಕೇ ಮರಳಿಸಿದರು. ಮರಿಗಳನ್ನು ಅಟ್ಲಾಂಟಾದ ಮೃಗಾಲಯ ಸುಮಾರು ಎರಡು ವರ್ಷ ಬೆಳೆಸಿತು. ಎರಡು ವರ್ಷದ ಹಾವು ಅನೇಕ ಶತ್ರುಗಳ ಬಾಯಿಗೆ ಸುಲಭದ ತುತ್ತಲ್ಲ. ಒಳಗೆ ರೇಡಿಯೋ ಟ್ರಾನ್ಸ್‌ಮಿಟರ್ ಹೊತ್ತು ತಾನೆಲ್ಲಿದ್ದೇನೆಂದು ತಿಳಿಸುವಷ್ಟು ದೊಡ್ಡದೂ ಆಗಿರುತ್ತದೆ. 2010ರಲ್ಲಿ ಮೊದಲ ತಂಡವಾಗಿ 17 ಹಾವುಗಳನ್ನು ಬಿಟ್ಟರು. ಚದುರಿಸದೆ ಒಂದೇ ಕಾಡಿಗೆ ವರ್ಷ ವರ್ಷವೂ ಬಿಡುತ್ತ ಹೋಗಿ ಒಟ್ಟು ಮುನ್ನೂರು ಮುಟ್ಟಿಸುವ ಗುರಿ ಇಟ್ಟುಕೊಂಡರು. 2008ರಲ್ಲಿ ಹುಟ್ಟಿದ ಓರಿಯಾನ್ ಸೊಸೈಟಿ ಎಂಬ ಸಂರಕ್ಷಣಾ ಸಂಸ್ಥೆ ಫ್ಲೋರಿಡಾದ ಯೂಸ್ಟಿಸ್‌ನಲ್ಲಿ ಇದಕ್ಕೆಂದೇ ಒಂದು ಸಂವರ್ಧನ ಕೇಂದ್ರ ಕಟ್ಟಿತು. ಈಗ ಅದನ್ನು ನಡೆಸುವುದು ಸೆಂಟ್ರಲ್ ಫ್ಲೋರಿಡಾ ಮೃಗಾಲಯ. ಅಲ್ಲಿಂದ ಬಂದ ಹಾವುಗಳನ್ನು 2017ರಿಂದ ಉತ್ತರ ಫ್ಲೋರಿಡಾದ ಅಪಲಾಚಿಕೋಲಾ ನದಿಯ ಬದಿಯ ರಕ್ಷಿತ ನೆಲದಲ್ಲೂ ಬಿಡಲಾರಂಭಿಸಿದರು. ಆ ನೆಲದಲ್ಲಿ ಇಂಡಿಗೋ ಕೊನೆಯದಾಗಿ ಕಂಡದ್ದು 1982ರಲ್ಲಿ. ದಿ ನೇಚರ್ ಕನ್ಸರ್ವೆನ್ಸಿ ಎಂಬ ಸಂರಕ್ಷಣಾ ಸಂಸ್ಥೆ ದಶಕಗಳ ಕಾಲ ಅಲ್ಲಿ ಪೈನ್ ನೆಟ್ಟು, ಹುಲ್ಲು ಬಿತ್ತಿ, ಬೆಂಕಿಯನ್ನು ಮರಳಿ ತಂದ ಮೇಲೆಯೇ ಹಾವಿನ ಮಾತು ಎತ್ತಿದ್ದು.

ಫಲ ಬರಲು ಸಮಯ ಹಿಡಿಯಿತು. ಕೊನೆಕ ಕಾಡಿನಲ್ಲಿ 2020ರ ವಸಂತದ ಹೊತ್ತಿಗೆ ಒಂದು ಎಳೆಯ ಇಂಡಿಗೋ ಹಾವು ಸಿಕ್ಕಿತು. ಬಿಟ್ಟ ಪ್ರತಿ ಹಾವಿನ ಚರ್ಮದಡಿಯಲ್ಲೂ ಗುರುತಿನ ಚಿಪ್ ಇರುತ್ತದೆ. ಈ ಹಾವಿನಲ್ಲಿ ಅದಿರಲಿಲ್ಲ. ಎಂದರೆ ಬಿಟ್ಟ ಹಾವುಗಳು ಅಲ್ಲೇ ಕೂಡಿ, ಮೊಟ್ಟೆಯಿಟ್ಟು, ಮರಿಯಾಗಿ, ಆ ಮರಿ ಬದುಕಿ ಬೆಳೆಯುತ್ತಿದೆ. ಆರು ದಶಕಗಳ ನಂತರ ಅಲಬಾಮಾದ ಕಾಡಿನಲ್ಲಿ ಹುಟ್ಟಿದ ಮೊದಲ ಇಂಡಿಗೋ ಎಂದು ಅದನ್ನು ಗುರುತಿಸಿದರು. 2022ರಲ್ಲಿ ಅಂಥದೇ ಇನ್ನೊಂದು ಕಂಡಿತು. 2023ರಲ್ಲಿ ಅಪಲಾಚಿಕೋಲಾದ ನೆಲದಲ್ಲಿ ಕಾಡಿನಲ್ಲೇ ಹುಟ್ಟಿದ ಎರಡು ಮರಿಗಳು ಸಿಕ್ಕವು. ಎಣಿಸಿ ಹೇಳಬಹುದಾದ ಈ ನಾಲ್ಕು ಹಾವುಗಳು ಗೂಡಿನಲ್ಲಿ ಹುಟ್ಟಿದ ನೂರಾರು ಮರಿಗಳಿಗಿಂತ ತೂಕದವು ಎಂದು ನಾನು ಹೇಳುವುದು ಭಾವುಕತೆಯಿಂದಲ್ಲ. ಗೂಡಿನಲ್ಲಿ ಮೊಟ್ಟೆ ಒಡೆದರೆ ಶಾಖ, ತೇವ, ಆಹಾರಗಳನ್ನು ಮನುಷ್ಯ ಸರಿಯಾಗಿ ಕೊಟ್ಟನೆಂದು ಗೊತ್ತಾಗುತ್ತದೆ. ಕಾಡಿನಲ್ಲಿ ಒಂದು ಮರಿ ಸಿಕ್ಕರೆ ಬೆಂಕಿ ಸರಿಯಾದ ಕಾಲಕ್ಕೆ ಬಿತ್ತು, ಆಮೆ ಬಿಲ ತೋಡಿತು, ಬೇಟೆ ಸಾಕಷ್ಟಿತ್ತು, ಗಂಡಿಗೆ ಹೆಣ್ಣು ಸಿಕ್ಕಿತು, ಮನುಷ್ಯ ಅಡ್ಡ ಬರಲಿಲ್ಲ, ಇಷ್ಟೂ ಒಟ್ಟಿಗೆ ಗೊತ್ತಾಗುತ್ತದೆ.

ಹವ್ಯಾಸಿ ಸಾಕಣೆದಾರರ ಕಡೆಯ ವಾದ ಬಲವಾದದ್ದೇ. ಗೂಡಿನಲ್ಲಿ ಹುಟ್ಟಿದ ಮರಿ ಕೊಳ್ಳಲು ಸಿಕ್ಕರೆ ಕಾಡಿನಿಂದ ಕದ್ದು ಹಿಡಿಯುವ ಆಸೆ ಯಾರಿಗೂ ಇರದು. ಕಾಡಿನಲ್ಲಿ ಏನೇ ಅನಾಹುತವಾದರೂ ಕುಲ ಪೂರ್ತಿ ಅಳಿಯದಂತೆ ನಮ್ಮ ಮನೆಗಳಲ್ಲಿ ಉಳಿದಿರುತ್ತದೆ ಎನ್ನುತ್ತಾರೆ ಅವರು. ಮೊದಲ ಮಾತಿನಲ್ಲಿ ಸತ್ಯಾಂಶವಿದೆ. ಈ ಹಾವನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಮಾರಲು ಕೇಂದ್ರ ಸರ್ಕಾರದ ಪರವಾನಗಿ ಬೇಕೆಂಬ ನಿಯಮ, ಗೂಡಿನ ಮರಿಗಳ ಲಭ್ಯತೆ, ಎರಡೂ ಸೇರಿ ಕಾಡಿನಿಂದ ಹಿಡಿಯುವ ಲಾಭವನ್ನು ಕುಗ್ಗಿಸಿರಬಹುದು. ಆದರೆ ಎರಡನೆಯ ಮಾತು ನಿಲ್ಲುವುದಿಲ್ಲ. ಕುಲವೊಂದನ್ನು ಮುಂದಿನ ಕಾಲಕ್ಕೆ ಕಾದಿಡಬೇಕಾದರೆ ಪ್ರತಿ ಹಾವೂ ಯಾವ ನೆಲದಿಂದ ಬಂತು, ಅದರ ತಾಯಿತಂದೆ ಯಾರು ಎಂಬ ದಾಖಲೆ ಬೇಕು. ಸಾಕುವವರ ವಲಯದಲ್ಲಿ ಇಂಡಿಗೋವನ್ನು ಟೆಕ್ಸಸ್ಸಿನ ಮತ್ತು ದಕ್ಷಿಣ ಅಮೆರಿಕದ ಸೋದರ ಜಾತಿಗಳೊಡನೆ ಬೆರಸಿ ಮಾಡಿದ ಮಿಶ್ರ ಮರಿಗಳೂ ಓಡಾಡುತ್ತವೆ. ಅವು ನೋಡಲು ಚೆಂದವಿರಬಹುದು, ಆರೋಗ್ಯವಾಗಿಯೂ ಇರಬಹುದು; ಕಾಡಿಗೆ ಮಾತ್ರ ಎಂದೂ ಹೋಗಲಾರವು. ಇಂಡಿಗೋ ಜಾತಿಯೊಳಗೇ ಅಟ್ಲಾಂಟಿಕ್ ಕಡೆಯದು, ಗಲ್ಫ್ ಕಡೆಯದು ಎಂದು ಎರಡು ಕವಲುಗಳನ್ನು ಸಂಶೋಧಕರು 2016ರಲ್ಲಿ ಗುರುತಿಸಿ, ಅವು ಎರಡು ಬೇರೆ ಜಾತಿಗಳೇ ಎಂದು ವಾದಿಸಿದರು. ಬೇರೆ ವಿಜ್ಞಾನಿಗಳು ಅದನ್ನು ಒಪ್ಪಲಿಲ್ಲ. ಇಂಥ ಪ್ರಶ್ನೆ ತೆರೆದೇ ಇರುವಾಗ ಮೂಲ ತಿಳಿಯದ ಹಾವುಗಳನ್ನು ಕೂಡಿಸುವುದೆಂದರೆ ಉತ್ತರ ಬರುವ ಮೊದಲೇ ಪ್ರಶ್ನೆಯನ್ನು ಅಳಿಸಿಹಾಕಿದಂತೆ.

ಈ ಮಾತು ಕನ್ನಡ ನಾಡಿಗೂ ನೇರವಾಗಿ ತಟ್ಟುತ್ತದೆ. ಕಾಳಿಂಗ ಸರ್ಪವೂ ಇಂಡಿಗೋವಿನಂತೆ ಹಾವುಗಳನ್ನು ತಿಂದು ಬಾಳುವ ದೊಡ್ಡ ಹಾವು. ಇಂಡಿಯಾದಿಂದ ಫಿಲಿಪೀನ್ಸ್‌ವರೆಗೆ ಇರುವುದೆಲ್ಲ ಒಂದೇ ಜಾತಿ ಎಂದು ಬಹುಕಾಲ ನಂಬಿದ್ದೆವು. 2024ರಲ್ಲಿ ಅದನ್ನು ನಾಲ್ಕು ಜಾತಿಗಳಾಗಿ ವಿಂಗಡಿಸಿದ ಅಧ್ಯಯನ ಪ್ರಕಟವಾಯಿತು. ಪಶ್ಚಿಮ ಘಟ್ಟದ ಹಾವು ಕನ್ನಡಿಗರು ಕರೆಯುವ ಹೆಸರಿನಿಂದಲೇ ಹೊಸ ಜಾತಿಯಾಗಿ ದಾಖಲಾಯಿತು. ಆ ಅಧ್ಯಯನಕ್ಕೆ ಮೊದಲು ಯಾರಾದರೂ ಒಳ್ಳೆಯ ಉದ್ದೇಶದಿಂದಲೇ ಆಗುಂಬೆಯ ಗಂಡನ್ನು ಈಶಾನ್ಯ ರಾಜ್ಯದ ಹೆಣ್ಣಿನೊಡನೆ ಕೂಡಿಸಿ ಆ ಮರಿಗಳನ್ನು ಮಲೆನಾಡಿಗೆ ಬಿಟ್ಟಿದ್ದರೆ ಏನಾಗುತ್ತಿತ್ತೆಂದು ಯೋಚಿಸಿದರೆ ಸಾಕು. ನಮ್ಮ ದೇಶದ ಕಾಡು ಹಾವುಗಳನ್ನು ಖಾಸಗಿಯಾಗಿ ಸಾಕಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಿಡುವುದಿಲ್ಲ. ಆ ಬಿಗಿ ಕೆಲವರಿಗೆ ಅತಿಯೆನಿಸಿದರೂ, ಈ ದೃಷ್ಟಿಯಿಂದ ನೋಡಿದರೆ ಅದರಲ್ಲಿ ವಿವೇಕವಿದೆ.

ರೋಗದ ಪ್ರಶ್ನೆ ವಂಶದ ಪ್ರಶ್ನೆಗಿಂತ ತುರ್ತಿನದು. ಕ್ರಿಪ್ಟೋಸ್ಪೊರಿಡಿಯಮ್ ಎಂಬ ಪರಾವಲಂಬಿ ಸೂಕ್ಷ್ಮಜೀವಿ ಹಾವಿನ ಜಠರದ ಗೋಡೆಯನ್ನು ಬಾವು ಬರಿಸಿ ದಪ್ಪಗಾಗಿಸುತ್ತದೆ. ತಿಂದದ್ದನ್ನು ಹಾವು ಕಕ್ಕುತ್ತದೆ, ದಿನೇ ದಿನೇ ಬಡವಾಗಿ ಸಾಯುತ್ತದೆ. ಇದಕ್ಕೆ ನೆಚ್ಚಬಹುದಾದ ಮದ್ದಿಲ್ಲ. ಹೊರಗೆ ಏನೂ ತೋರದೆಯೇ ಕೆಲವು ಹಾವುಗಳು ಇದನ್ನು ಹೊತ್ತುಕೊಂಡು ಇತರ ಹಾವುಗಳಿಗೆ ಹರಡುತ್ತವೆ. ಇಂಡಿಗೋ ಸಾಕಣೆಯಲ್ಲಿ ಇದು ದೊಡ್ಡ ತಲೆನೋವು. ಊರೂರಿನ ಹಾವುಗಳು ಕೈಯಿಂದ ಕೈಗೆ ದಾಟುವ ಮಾರುಕಟ್ಟೆಯಲ್ಲಿ ಇಂಥ ರೋಗಕ್ಕೆ ದಾರಿ ಸಲೀಸು. ಅಂಥ ಒಂದು ಹಾವು ದಯೆಯಿಂದಲೇ ಕಾಡಿಗೆ ಬಿಡುಗಡೆಯಾದರೆ ಅಲ್ಲಿ ಅಳಿದುಳಿದ ಸಂತತಿಗೆ ಅದು ಮಾಡುವ ಕೇಡನ್ನು ಯಾವ ಸಂವರ್ಧನ ಕೇಂದ್ರವೂ ತುಂಬಿಕೊಡಲಾರದು. ಬಿಡುಗಡೆಗೆಂದು ಬೆಳೆಸುವ ಕೇಂದ್ರಗಳು ಹೊಸ ಹಾವನ್ನು ದೀರ್ಘಕಾಲ ಪ್ರತ್ಯೇಕವಾಗಿಟ್ಟು, ಮತ್ತೆ ಮತ್ತೆ ಪರೀಕ್ಷಿಸಿ, ಸಲಕರಣೆಗಳನ್ನು ಕೂಡ ಬೇರೆ ಬೇರೆ ಇಡುವುದು ಈ ಕಾರಣಕ್ಕೆ. ಮನೆಯ ಸಾಕಣೆಗೂ ಕಾಡಿಗೂ ನಡುವೆ ಗೋಡೆ ಇರಬೇಕೆನ್ನುವುದು ಹವ್ಯಾಸಿಗಳ ಪ್ರೀತಿಯ ಮೇಲಿನ ಅನುಮಾನದಿಂದಲ್ಲ, ರೋಗಾಣು ಪ್ರೀತಿಯನ್ನು ಲೆಕ್ಕಿಸದ್ದರಿಂದ.

ಇನ್ನೊಂದು ಆಕ್ಷೇಪ ಎದುರು ದಿಕ್ಕಿನಿಂದ ಬರುತ್ತದೆ. ನೂರಾರು ಎಕರೆ ಸುತ್ತುವ ಪ್ರಾಣಿಯನ್ನು ನಾಲ್ಕು ಗೋಡೆಯೊಳಗಿಟ್ಟು ವರ್ಷ ವರ್ಷ ಮರಿ ಹಾಕಿಸುವುದು ಕ್ರೌರ್ಯವಲ್ಲವೇ, ಉದ್ದೇಶ ಎಷ್ಟೇ ದೊಡ್ಡದಿದ್ದರೂ ಆ ಹಾವಿಗೆ ಅದು ಸೆರೆಯಲ್ಲವೇ? ಈ ಪ್ರಶ್ನೆಯನ್ನು ತಳ್ಳಿಹಾಕುವ ಧೈರ್ಯ ನನಗಿಲ್ಲ. ತಾಯಿ ಹಾವುಗಳಾಗಿ ಕೇಂದ್ರದಲ್ಲೇ ಬಾಳು ಸವೆಸುವ ಜೀವಗಳ ಮೇಲೆ ನಾವೊಂದು ಭಾರ ಹೊರಿಸಿದ್ದೇವೆ ಎಂಬುದು ನಿಜ. ಅವುಗಳಿಗೆ ಬಯಲು, ಬಿಸಿಲು, ಅಡಗಲು ಬಿಲದಂಥ ಜಾಗ, ಬಗೆಬಗೆಯ ಆಹಾರ ಒದಗಿಸುವುದು ಕನಿಷ್ಠ ಋಣ. ಆದರೆ ಈ ಆಕ್ಷೇಪ ನನ್ನ ವಾದವನ್ನು ಮುರಿಯುವ ಬದಲು ಗಟ್ಟಿಮಾಡುತ್ತದೆ. ಸೆರೆಗೆ ಸಮರ್ಥನೆ ಇರುವುದಾದರೆ ಅದು ಆ ಹಾವಿನ ಸಂತಾನ ಹೊರಗೆ ಹೋಗುತ್ತದೆಂಬ ಭರವಸೆಯಲ್ಲಿ ಮಾತ್ರ. ಹೊರಹೋಗುವ ಬಾಗಿಲಿಲ್ಲದ ಗೂಡಿನಲ್ಲಿ ಮರಿಯ ಮೇಲೆ ಮರಿ ಮಾಡಿಸುತ್ತ ಅದನ್ನು ಕುಲೋದ್ಧಾರವೆಂದರೆ, ತಾಯಿ ಹಾವಿನ ಸೆರೆಗೆ ನಾವು ಕೊಡುವ ಕಾರಣವೇ ಸುಳ್ಳಾಗುತ್ತದೆ.

ದುಡ್ಡಿನ ಮಾತನ್ನೂ ಎದುರಿಸಬೇಕು. ಒಂದು ಹಾವನ್ನು ಎರಡು ವರ್ಷ ಬೆಳೆಸಿ, ಟ್ರಾನ್ಸ್‌ಮಿಟರ್ ಅಳವಡಿಸಿ, ಬಿಟ್ಟು, ಹಿಂಬಾಲಿಸುವ ಖರ್ಚಿನಲ್ಲಿ ಒಂದಿಷ್ಟು ಕಾಡನ್ನೇ ಕೊಂಡು ಉಳಿಸಬಹುದಲ್ಲ ಎಂದು ಕೇಳುವವರಿದ್ದಾರೆ. ಜಾರ್ಜಿಯಾದಲ್ಲಿ, ಫ್ಲೋರಿಡಾದ ದಕ್ಷಿಣದಲ್ಲಿ, ಕಾಡಿನ ಇಂಡಿಗೋ ಹಾವುಗಳು ಈಗಲೂ ಇರುವೆಡೆಗಳಲ್ಲಿ ಅವರ ಮಾತೇ ಸರಿ. ಅಲ್ಲಿ ನೆಲ ಉಳಿಸಿದರೆ ಹಾವು ತನ್ನನ್ನು ತಾನು ನೋಡಿಕೊಳ್ಳುತ್ತದೆ. ಆದರೆ ಅಲಬಾಮಾದಂಥ ಜಾಗದಲ್ಲಿ ಕಾಡು ಮರಳಿ ಬಂದಿದೆ, ಹಾವು ತಾನಾಗಿ ಬಂದಿಲ್ಲ. ನಡುವೆ ಹೆದ್ದಾರಿಗಳು, ಹೊಲಗಳು, ಊರುಗಳು. ಜಾರ್ಜಿಯಾದ ಹಾವು ತಾನಾಗಿ ಹರಿದು ಅಲ್ಲಿಗೆ ಬಂದು ಸೇರುವ ದಾರಿ ಕಡಿದುಹೋಗಿದೆ. ಹೀಗೆ ನೆಲ ಸಿದ್ಧವಾಗಿದ್ದು ಬೀಜವಿಲ್ಲದ ಎಡೆಯಲ್ಲಷ್ಟೇ ಗೂಡಿನ ಸಾಕಣೆಗೆ ಅದರ ನಿಜವಾದ ಕೆಲಸ ಸಿಗುತ್ತದೆ. ನೆಲ ಸಿದ್ಧವಿಲ್ಲದೆಡೆ ಮರಿ ಬಿಡುವುದು ಮರಿಯನ್ನೂ ಹಣವನ್ನೂ ಕಳೆದುಕೊಳ್ಳುವ ದಾರಿ. ಹಾವು ಮೊದಲೇ ಇರುವೆಡೆ ಮರಿ ಬಿಡುವುದು ಅನಗತ್ಯ, ಕೆಲವೊಮ್ಮೆ ಅಪಾಯ. ಆದ್ದರಿಂದ 'ಸಂವರ್ಧನೆ ಬೇಕೋ, ನೆಲ ಬೇಕೋ' ಎಂದು ಎಲ್ಲೆಡೆಗೂ ಒಂದೇ ಉತ್ತರ ಹುಡುಕುವ ಬದಲು ಆಯಾ ಕಾಡಿಗೆ ಏನು ಕೊರತೆಯೆಂದು ಕೇಳುವುದು ಲೇಸು.

ಕಡೆಯದಾಗಿ, ಹತ್ತು ವರ್ಷಕ್ಕೂ ಮೀರಿದ ದುಡಿಮೆಗೆ ನಾಲ್ಕು ಮರಿ ಎಂದರೆ ಸೋಲಲ್ಲವೇ ಎಂಬ ಸಂದೇಹ. ಮೂರು ನಾಲ್ಕು ವರ್ಷಕ್ಕೆ ಪ್ರಾಯಕ್ಕೆ ಬರುವ, ವರ್ಷಕ್ಕೊಮ್ಮೆ ಕೆಲವೇ ಮೊಟ್ಟೆಯಿಡುವ, ವರ್ಷದ ಬಹುಪಾಲು ನೆಲದಡಿಯ ಆಸರೆ ಹುಡುಕುವ ಹಾವಿನ ವಿಷಯದಲ್ಲಿ ಕಣ್ಣಿಗೆ ಬಿದ್ದ ಒಂದು ಮರಿಯ ಹಿಂದೆ ಬೀಳದವು ಎಷ್ಟೋ ಇರಬಹುದು. ಹಾಗಿದ್ದರೂ ಗೆದ್ದೆವೆಂದು ಬೀಗುವ ಕಾಲ ಇನ್ನೂ ಬಂದಿಲ್ಲ. ಕಾಡಿನಲ್ಲಿ ಹುಟ್ಟಿದ ಮರಿ ಕಾಡಿನಲ್ಲೇ ಮರಿ ಮಾಡಬೇಕು, ಅದು ವರ್ಷ ವರ್ಷವೂ ಆಗಬೇಕು, ಹೊರಗಿನಿಂದ ಹಾವು ತಂದು ಬಿಡುವುದನ್ನು ನಿಲ್ಲಿಸಿದ ಮೇಲೂ ಸಂಖ್ಯೆ ಇಳಿಯಬಾರದು. ಅಲ್ಲಿಯವರೆಗೆ ಸಂವರ್ಧನ ಕೇಂದ್ರ ನಡೆಯಬೇಕು, ಶ್ರದ್ಧೆಯಿಂದಲೇ ನಡೆಯಬೇಕು. ಆದರೆ ಅದನ್ನು ನಡೆಸುವವರು ಪ್ರತಿ ವರ್ಷ ಎಷ್ಟು ಮರಿ ಹುಟ್ಟಿದವು ಎಂಬ ಲೆಕ್ಕದ ಜೊತೆಗೆ ಇನ್ನೊಂದು ಪ್ರಶ್ನೆಗೂ ಉತ್ತರ ಬರೆಯಬೇಕೆಂದು ನಾನು ಬಯಸುತ್ತೇನೆ: ಈ ಕೆಲಸ ಮುಗಿಯುವ ದಿನಕ್ಕೆ ನಾವು ಎಷ್ಟು ಹತ್ತಿರ ಬಂದೆವು? ಆ ಪ್ರಶ್ನೆ ಕೇಳಿಕೊಳ್ಳುವ ಕೇಂದ್ರಕ್ಕೆ ಜನರ ಹಣವನ್ನೂ ನಂಬಿಕೆಯನ್ನೂ ಕೇಳುವ ಹಕ್ಕಿದೆ. ಕೇಳಿಕೊಳ್ಳದ ಸಾಕಣೆ ಎಷ್ಟೇ ನಿಪುಣವಾಗಿದ್ದರೂ ಅದು ಹಾವು ಇಟ್ಟುಕೊಳ್ಳುವ ಮನುಷ್ಯನ ಸುಖಕ್ಕೆ ಸೇರಿದ್ದು, ಹಾವಿನ ಕುಲಕ್ಕೆ ಅಲ್ಲ.